ಮರ್ವ್ ಟಿಲ್ಲಿಯ ಚಳಿಗಾಲದ ಗ್ಲಾಸು

"ಅಮ್ಮಾ, ಸಾಕು ಬಿಡು. ಗಾಡಿ ಬಂತು," ಎಂದಳು ಕೆರಿನ್, ಅಡುಗೆಮನೆಯ ಬಾಗಿಲಲ್ಲಿ ನಿಂತು.

ಗ್ವೆನ್ ಚೆರಿ ಹಣ್ಣಿನ ಬೀಜ ತೆಗೆಯುತ್ತಲೇ ಇದ್ದಳು. ಮೂರು ಕಿಲೋದಲ್ಲಿ ಅರ್ಧವೂ ಮುಗಿದಿರಲಿಲ್ಲ. ಗಂಡನ ಶವಯಾತ್ರೆಗೆಂದು ಹಾಕಿಕೊಂಡ ಕಪ್ಪು ಉಡುಪಿನ ಮೇಲೆ ಏಪ್ರನ್ ಕಟ್ಟಿದ್ದಳು. ಎರಡೂ ಕೈ ಮಣಿಕಟ್ಟಿನವರೆಗೆ ಕೆಂಪಗಾಗಿದ್ದವು.

"ಮಣ್ಣು ಮಾಡಿ ಬಂದ್ಮೇಲೆ ಜನಕ್ಕೆ ಏನು ಕೊಡೋದು? ಅಪ್ಪನ ಚೆರಿ ಪಾನೀಯವೇ ಆಗ್ಬೇಕು ಅಂತ ಹಟ ಹಿಡಿದೋಳು ನೀನೇ ತಾನೆ?"

"ಮರ್ವ್ ಟಿಲ್ಲಿ ಮಣ್ಣಿಗೆ ಹೋದ ದಿನ ಅಂಗಡಿ ಬಿಯರ್ ಕೊಟ್ರೆ ಸಿಗ್ನೆಟ್ ಊರಿಗೆ ಊರೇ ನಗುತ್ತೆ. ಉಳಿದದ್ದನ್ನ ಪಕ್ಕದ್ಮನೆ ಡಲ್ಸಿ ನೋಡ್ಕೋತಾಳೆ. ಕೈ ತೊಳ್ಕೊಂಡು ಬಾ."

ಸೋಪು ಹಾಕಿ ಉಜ್ಜಿದರೂ ಉಗುರಿನ ಸಂದಿಯ ಬಣ್ಣ ಹೋಗಲಿಲ್ಲ. ಗ್ವೆನ್ ಕೈಗಳನ್ನು ಮಡಚಿಕೊಂಡು ಕಾರು ಹತ್ತಿದಳು.

ಚರ್ಚಿನಲ್ಲಿ ಪಾದ್ರಿಗೆ ಹೇಳಲು ಹೆಚ್ಚೇನೂ ಇರಲಿಲ್ಲ. ಸೇಬಿನ ಶೆಡ್ಡಿನಲ್ಲಿ ನಲವತ್ತೊಂದು ವರ್ಷ ನಿಂತು ಹಣ್ಣು ವಿಂಗಡಿಸಿದವನು, ಯುದ್ಧಕ್ಕೆ ಹೋದವನಲ್ಲ, ಹಾಡಿದವನಲ್ಲ, ದೋಣಿಪಂದ್ಯ ಗೆದ್ದವನೂ ಅಲ್ಲ. ಪಾದ್ರಿ ಒಂದೆರಡು ಸಲ ಗಂಟಲು ಸರಿಮಾಡಿಕೊಂಡು, "ಮರ್ವ್ ಅವರ ವರಾಂಡದಲ್ಲಿ ಗ್ಲಾಸು ಹಿಡಿಯದವರು ಈ ಕಣಿವೆಯಲ್ಲಿ ಯಾರಾದರೂ ಇದ್ದಾರೆಯೇ?" ಎಂದಾಗ ಜನ ಹಗುರಾಗಿ ನಕ್ಕರು. ಕೆರಿನ್ ಬಿಕ್ಕಿದಳು. ಗ್ವೆನ್ ಯಾಕೋ ಹಿಂದೆ ತಿರುಗಿ ನೋಡಿದಳು. ಕೊನೆಯ ಬೆಂಚಿನ ತುದಿಯಲ್ಲಿ ಅವಳ ತಮ್ಮ ಆರ್ನಿ ಕೂತಿದ್ದ. ಹೋಬಾರ್ಟ್‌ನಿಂದ ಬೆಳಗಿನ ಬಸ್ಸಿಗೇ ಬಂದಿರಬೇಕು. ಕೋಟು ಯಾರದೋ ಎರವಲು, ಭುಜ ದೊಡ್ಡದಾಗಿತ್ತು. ಪೂರ್ತಿ ನೆರೆತ ಆ ತಲೆಯನ್ನು ಊರಿನವರು ಗುರುತೇ ಹಿಡಿದಂತಿರಲಿಲ್ಲ.

ಬರಬೇಡ ಎಂದು ಫೋನಿನಲ್ಲಿ ಹೇಳಬೇಕೆಂದುಕೊಂಡಿದ್ದಳು. ಹೇಳಿರಲಿಲ್ಲ.

*

ಶೆಡ್ಡಿನಲ್ಲಿ ಮರ್ವ್‌ನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಯಜಮಾನನ ಮಗ, ಇವನಿಗಿಂತ ಇಪ್ಪತ್ತು ವರ್ಷ ಚಿಕ್ಕವನು, "ಏ ನಾಲ್ಕನೇ ಸಾಲು!" ಎಂದು ಕೂಗುತ್ತಿದ್ದ. ಅದನ್ನೆಲ್ಲ ನುಂಗಿಕೊಂಡು ಮನೆಗೆ ಬಂದ ಮರ್ವ್ ವರಾಂಡದಲ್ಲಿ ತಾನೇ ಬಾರಿನಂಥ ಒಂದು ಕಟ್ಟೆ ಕಟ್ಟಿಕೊಂಡ. ಹಳೆಯ ಸೇಬಿನ ಪೆಟ್ಟಿಗೆಗಳ ಹಲಗೆ, ಮೇಲೆ ಸತುವಿನ ತಗಡು, ಹಿಂದೆ ಸಾಲಾಗಿ ಬಾಟಲಿ. ಋತುವಿಗೊಂದು ಭಾನುವಾರ, ಮಧ್ಯಾಹ್ನ ಮೂರಕ್ಕೆ ಸರಿಯಾಗಿ, ಊರು ಅಲ್ಲಿ ಸೇರುತ್ತಿತ್ತು. ವಸಂತಕ್ಕೆ ಹಿತ್ತಲ ರುಬಾರ್ಬ್ ದಂಟಿನ ಹುಳಿರಸಕ್ಕೆ ಜಿನ್. ಬೇಸಿಗೆಗೆ ಚೆರಿ, ವೋಡ್ಕಾ, ಪುದೀನ, ಜಜ್ಜಿದ ಐಸು. ಎಲೆ ಉದುರುವ ಕಾಲಕ್ಕೆ ಮೂರು ವಾರ ಬ್ರಾಂದಿಯಲ್ಲಿ ನೆನೆಸಿದ ಕ್ವಿನ್ಸ್ ಕಾಯಿ. ಚಳಿಗೆ ಲವಂಗ, ಚಕ್ಕೆ ಹಾಕಿ ಕಾಯಿಸಿದ ಸೇಬಿನ ರಸ, ಅದರ ಮೇಲೊಂದಿಷ್ಟು ರಮ್.

ಅವನ ಕೈಯಲ್ಲಿ ಹದ ಇತ್ತು, ಸುಳ್ಳು ಹೇಳಬಾರದು. ಯಾರಿಗೆ ಎಷ್ಟು ಹುಳಿ, ಯಾರಿಗೆ ಎಷ್ಟು ಸಿಹಿ ಎಂಬುದು ಬಾಯಿಪಾಠವಾಗಿತ್ತು. ಗ್ಲಾಸು ಕೊಟ್ಟು, ಅವರು ಮೊದಲ ಗುಟುಕು ಕುಡಿಯುವವರೆಗೂ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದ. "ಆಹಾ" ಎಂದರೆ ಮಾತ್ರ ಮುಂದಿನವರ ಕಡೆಗೆ. ಯಾರಾದರೂ "ಬೇಡ" ಎಂದರೆ ಅವನ ಮುಖ ಸಣ್ಣದಾಗುತ್ತಿತ್ತು. ಆಮೇಲೆ ಒಂದು ವಾರ, ಎರಡು ವಾರ ಮನೆಯಲ್ಲಿ ಮಾತಿಲ್ಲ. ತಟ್ಟೆ ಮುಂದಿಟ್ಟರೂ ಗ್ವೆನ್ ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಗೋಡೆ ನೋಡಿಕೊಂಡು ಉಣ್ಣುತ್ತಿದ್ದ. ಆ ಮೌನಕ್ಕೆ ಅವಳು ಹೆದರಿದಷ್ಟು ಬೇರೆ ಯಾವುದಕ್ಕೂ ಹೆದರಿದವಳಲ್ಲ.

ಹದಿನೇಳು ವರ್ಷದ ಹಿಂದೆ, ಜುಲೈ ಚಳಿಯ ಭಾನುವಾರ. ಆರ್ನಿ ಕುಡಿತ ಬಿಟ್ಟು ಹನ್ನೊಂದು ತಿಂಗಳಾಗಿತ್ತು. ದೋಣಿ ಕಟ್ಟುವ ಶೆಡ್ಡಿನಲ್ಲಿ ಮತ್ತೆ ಕೆಲಸಕ್ಕೆ ತೆಗೆದುಕೊಂಡಿದ್ದರು. ಹೆಂಡತಿ ಮೊರೀನ್ ಮತ್ತೆ ನಗಲು ಶುರುಮಾಡಿದ್ದಳು. ಆರು ವರ್ಷದ ಮಗಳು ಟೆಸ್ ಅವನ ಹೆಗಲಿಂದ ಇಳಿಯುತ್ತಿರಲಿಲ್ಲ. ಅವರಿಬ್ಬರನ್ನು ಮನೆಯಲ್ಲಿ ಬಿಟ್ಟು ಒಬ್ಬನೇ ಬಂದಿದ್ದ, ಅಕ್ಕನನ್ನು ನೋಡಿ ಹೋಗಲು.

"ನಂಗೆ ಬರೀ ಸೇಬಿನ ರಸ ಸಾಕು ಮರ್ವ್," ಎಂದ ಆರ್ನಿ.

"ನನ್ನ ಕಟ್ಟೆ ಮುಂದೆ ಮಗುವಿನ ಹಾಲು ಕೇಳ್ತಾನಲ್ಲಪ್ಪ ಇವ್ನು!" ಎಂದ ಮರ್ವ್. ಎಲ್ಲರೂ ನಕ್ಕರು. ಕಟುಕ ಲಿಂಡ್ಸೆ ತೊಡೆ ತಟ್ಟಿಕೊಂಡು ನಕ್ಕ. ಮರ್ವ್‌ನ ಮುಖ ಮಾತ್ರ ಸಣ್ಣದಾಗಿತ್ತು.

ಅವನು ಗ್ವೆನ್ ಇದ್ದ ಅಡುಗೆಮನೆಗೆ ಬಂದು ಬಿಸಿ ರಸವನ್ನು ಗ್ಲಾಸಿಗೆ ಬಗ್ಗಿಸಿದ. ರಮ್ ಬಾಟಲಿ ಎತ್ತಿ ಎರಡು ಅಳತೆ ಹಾಕಿದ. ಲವಂಗ, ಚಕ್ಕೆ ಇನ್ನಷ್ಟು ಬೆರೆಸಿದ. "ತಗೊಂಡ್ಹೋಗಿ ಕೊಡು. ನೀನು ಕೊಟ್ರೆ ಕುಡೀತಾನೆ. ಒಂದು ಗ್ಲಾಸಿಗೇನು ಸಾಯಲ್ಲ." ಕಿಟಕಿಯಾಚೆ ನಿಂತ ಲಿಂಡ್ಸೆಗೆ ಕಣ್ಣು ಹೊಡೆದ.

ಒಲೆಯಿಂದ ವರಾಂಡಕ್ಕೆ ಹನ್ನೆರಡು ಹೆಜ್ಜೆ. ಹಬೆಯಲ್ಲಿ ರಮ್ಮಿನ ವಾಸನೆ ಅವಳ ಮೂಗಿಗೆ ಹೊಡೆಯುತ್ತಿತ್ತು. ಕಾಲು ಎಡವಬಹುದಿತ್ತು. ಕೈ ಜಾರಿಸಬಹುದಿತ್ತು. ನೆಗಡಿಯಾಗಿ ಮೂಗು ಕಟ್ಟಿದ್ದ ತಮ್ಮನ ಕೈಗೆ ಅವಳು ಗ್ಲಾಸು ಕೊಟ್ಟಳು.

ಅವನು ಗಟಗಟ ಕುಡಿದು ಮೀಸೆ ಒರೆಸಿಕೊಂಡ. "ಒಳ್ಳೇ ಬೆಚ್ಚಗಿದೆ ಗ್ವೆನ್. ಇನ್ನೊಂದಿದ್ಯಾ?"

ಅವಳು ಇನ್ನೊಂದನ್ನೂ ತಂದುಕೊಟ್ಟಳು.

ಐದು ಗಂಟೆಗೆ ಮನೆಗೆಂದು ಹೊರಟ ಆರ್ನಿ ಮನೆ ಮುಟ್ಟಿದ್ದು ಬುಧವಾರ. ಆಗಸ್ಟ್‌ನಲ್ಲಿ ಕೆಲಸ ಹೋಯಿತು. ನವೆಂಬರ್‌ನಲ್ಲಿ ಮೊರೀನ್ ಮಗಳ ಕೈ ಹಿಡಿದುಕೊಂಡು ಹಡಗು ಹತ್ತಿ ಮೆಲ್ಬರ್ನ್‌ಗೆ ಹೊರಟುಹೋದಳು.

*

ಮಣ್ಣು ಮಾಡಿ ಬಂದ ಮೇಲೆ ವರಾಂಡ ತುಂಬಿತು. ಡಲ್ಸಿ ಜಗ್ಗಿನಿಂದ ಕೆಂಪು ಪಾನೀಯ ಬಗ್ಗಿಸುತ್ತ ಬಂದಳು. ಗ್ವೆನ್ ಐಸಿನ ಬುಟ್ಟಿ ಹಿಡಿದಿದ್ದಳು.

"ರುಚಿ ಏನೋ ಇದೆ," ಎಂದಳು ಡಲ್ಸಿ ತುಟಿ ಚಪ್ಪರಿಸಿ, "ಆದ್ರೆ ಮರ್ವ್ ಕೈದಲ್ಲ. ಬೇಜಾರು ಮಾಡ್ಕೋಬೇಡ ಗ್ವೆನ್."

"ನಂಗ್ಯಾಕೆ ಬೇಜಾರು?"

ಆರ್ನಿ ಮೆಟ್ಟಿಲ ಕೆಳಗೆ ಬರಿಗೈಯಲ್ಲಿ ನಿಂತಿದ್ದ. ಅವನು ಎರಡನೇ ಸಲ ಕುಡಿತ ಬಿಟ್ಟು ಆರು ವರ್ಷವಾಗಿತ್ತು. ಈ ಮನೆಗೆ ಹದಿನೇಳು ವರ್ಷದಿಂದ ಕಾಲಿಟ್ಟಿರಲಿಲ್ಲ. "ತಪ್ಪು ನಿಮ್ದಲ್ಲ, ಆ ವಾಸನೆ ನಂಗೆ ಆಗಲ್ಲ," ಎನ್ನುತ್ತಿದ್ದ. ವರ್ಷಕ್ಕೆರಡು ಸಲ ಗ್ವೆನ್ ಹೋಬಾರ್ಟ್‌ಗೆ ಹೋಗಿ ಅವನ ಜೊತೆ ಚಹಾ ಕುಡಿದು ಬರುತ್ತಿದ್ದಳು.

ಲಿಂಡ್ಸೆ ಕಟ್ಟೆಯ ಹಿಂದೆ ಹೋಗಿ ಗ್ಲಾಸು ಎತ್ತಿದ. ಅದು ಅವನ ಮೂರನೆಯದು.

"ಅಳ್ಬೇಡ್ರೋ. ಮರ್ವ್‌ಗೆ ಅಳೋರನ್ನ ಕಂಡ್ರೆ ಆಗ್ತಿರ್ಲಿಲ್ಲ. ಅವನ ತಮಾಷೆ ಒಂದು ಹೇಳ್ತೀನಿ ಕೇಳಿ. ಅವನ ಭಾಮೈದ ಒಬ್ಬಿದ್ದ, ದೋಣಿ ಶೆಡ್ಡಿನ ಆರ್ನಿ. ನೆನಪಿದ್ಯಾ? ಕುಡಿಯೋದು ಬಿಟ್ಟು ಭಾರಿ ಸಂತ ಆಗ್ಬಿಟ್ಟಿದ್ದ."

ಗ್ವೆನ್ ಐಸಿನ ಬುಟ್ಟಿ ಕೆಳಗಿಟ್ಟಳು. "ಲಿಂಡ್ಸೆ, ಸಾಕು," ಎಂದಳು. ಲಿಂಡ್ಸೆಗೆ ಅದು ಕೇಳಿಸಲಿಲ್ಲ.

"ಬರೀ ಸೇಬಿನ ರಸ ಕೊಡಿ ಅಂದ. ನಮ್ಮ ಮರ್ವ್ ಬಿಡ್ತಾನಾ? ಒಳಗೆ ಹೋಗಿ ಎರಡು ಅಳತೆ ರಮ್ ಸುರಿದ! ಈ ಸಂತ ಗಟಗಟ ಕುಡಿದು, ಇನ್ನೊಂದಿದ್ಯಾ ಅಂತ ಕೇಳ್ಬೇಕಾ! ಅಯ್ಯಯ್ಯೋ, ನಾವು ನಕ್ಕು ನಕ್ಕು…"

ವರಾಂಡವೆಲ್ಲ ನಕ್ಕಿತು. ಕೆರಿನ್ ಕೂಡ ಕಣ್ಣೀರು ಒರೆಸಿಕೊಳ್ಳುತ್ತಲೇ ನಕ್ಕಳು. ಆಮೇಲೆ ಯಾರೋ ಮೆಟ್ಟಿಲ ಕಡೆ ನೋಡಿದರು. ಅವರನ್ನು ನೋಡಿ ಇನ್ನೊಬ್ಬರು ತಿರುಗಿದರು. ನಗೆ ಅಲ್ಲೊಂದು ಇಲ್ಲೊಂದು ಉಳಿದು ನಿಂತುಹೋಯಿತು.

"ಇಲ್ಲೇ ಇದೀಯೇನೋ ಮಾರಾಯ!" ಎಂದ ಲಿಂಡ್ಸೆ. "ಬಿಡು, ಹಳೇ ಮಾತು."

ಆರ್ನಿ ಮೆಟ್ಟಿಲು ಹತ್ತಿ, ಯಾರನ್ನೂ ನೋಡದೆ, ಅಡುಗೆಮನೆಗೆ ಹೋದ. ಗ್ವೆನ್ ಹಿಂದೆಯೇ ಹೋಗಿ ಬಾಗಿಲು ಹಾಕಿದಳು.

"ನಿಂಗೆ ಗೊತ್ತಿತ್ತಾ?"

"ಹೂಂ."

"ಯಾವಾಗ ಗೊತ್ತಾಯ್ತು? ಆಮೇಲಾ?"

ಸುಳ್ಳು ಹೇಳಲು ಅವನೇ ದಾರಿ ಮಾಡಿಕೊಡುತ್ತಿದ್ದ. ಅವಳಿಗೆ ಅದು ಕಂಡಿತು. "ಮೊದಲೇ," ಎಂದಳು. "ತರುವಾಗಲೇ."

"ಎರಡನೇದು?"

"ಅದೂನೂ."

ಆರ್ನಿ ಕುರ್ಚಿಯ ಬೆನ್ನು ಹಿಡಿದುಕೊಂಡ. "ಕುಡಿತ ಬಿಟ್ಟೋರ ಸಭೆಗಳಲ್ಲಿ ಎದ್ದು ನಿಂತು ಹೇಳ್ತೀನಿ ಗ್ವೆನ್. ಪ್ರತಿ ಮಂಗಳವಾರ. ಆ ಭಾನುವಾರ ಒಂದು ತೊಟ್ಟೂ ಕುಡೀದೆ, ನೆಟ್ಟಗಿರೋ ತಲೇಲಿ, ನನ್ನ ಕಾಲಲ್ಲೇ ನಡ್ಕೊಂಡು ಹೋಗಿ ಪಬ್ಬಿನ ಬಾಗಿಲು ತೆಗೆದೆ ಅಂತ. ನಾನು ಹುಟ್ಟಿದ್ದೇ ಹಾಗೆ, ನನ್ನನ್ನ ನಂಬ್ಬೇಡಿ ಅಂತ. ಟೆಸ್‌ಗೂ ಅದನ್ನೇ ಬರೆದೆ. ಅವಳ ಮದುವೆಗೆ ಬರ್ಲಾ ಅಂತ ಕೇಳ್ಲೂ ಇಲ್ಲ. ಇಂಥವನನ್ನ ಯಾರು ಕರೀತಾರೆ ಅಂತ ನಾನೇ ಸುಮ್ನಾದೆ."

"ಟೆಸ್‌ಗೆ ನಾನು ಬರೀತೀನಿ."

"ಏನಂತ? ನೀನು ಬರೀಬೇಕಾಗಿದ್ದಾಗ ಅವಳಿಗೆ ಆರು ವರ್ಷ. ಈಗ ಇಪ್ಪತ್ಮೂರು."

"ಮರ್ವ್‌ಗೆ ಕೆಟ್ಟ ಮನಸ್ಸಿರ್ಲಿಲ್ಲ ಆರ್ನಿ. ಅವನಿಗೆ ಅಷ್ಟು ದೂರ ಯೋಚನೆ…"

"ಅವನು ಸತ್ತ. ನಾನು ನಿನ್ನ ಕೇಳ್ತಿರೋದು. ಹೋಬಾರ್ಟ್‌ಗೆ ಬಂದು ಚಹಾ ಕುಡೀತಿದ್ಯಲ್ಲ. ಮೂವತ್ತು ಸಲ ಬಂದಿರ್ಬೇಕು. 'ಹುಷಾರಾಗಿರು, ನೀನು ಗಟ್ಟಿಯಿಲ್ಲ' ಅಂತ ಹೇಳಿ ಹೋಗ್ತಿದ್ಯಲ್ಲ."

ಅವನ ತುಟಿ ಒಣಗಿ ಬೆಳ್ಳಗಾಗಿತ್ತು. ಏನಾದರೂ ಮಾಡಬೇಕೆನಿಸಿ ಗ್ವೆನ್ ಒಂದು ಗ್ಲಾಸು ತೊಳೆದು, ತಣ್ಣೀರು ತುಂಬಿ, ಎರಡು ಐಸು ಹಾಕಿ ಅವನ ಮುಂದೆ ಹಿಡಿದಳು.

ಅವನು ಗ್ಲಾಸನ್ನು ನೋಡಿದ. ಅದನ್ನು ಹಿಡಿದ ಕೆಂಪು ಬೆರಳುಗಳನ್ನು ನೋಡಿದ. ಹಿತ್ತಲ ಬಾಗಿಲು ತೆಗೆದುಕೊಂಡು ಹೊರಗೆ ಹೋದ.

ಕೆರಿನ್ ಒಳಗೆ ಇಣುಕಿ, "ಅಮ್ಮಾ, ಜಗ್ ಖಾಲಿ. ಲಿಂಡ್ಸೆ ಇನ್ನೂ ಬೇಕಂತಾನೆ," ಎಂದಳು.

ಗ್ವೆನ್ ಗ್ಲಾಸು ಹಿಡಿದುಕೊಂಡೇ ಕಿಟಕಿಯ ಹತ್ತಿರ ನಿಂತಿದ್ದಳು. ಹೊರಗೆ ಸುಡುಬಿಸಿಲು. ಚೆರಿ ಮರಗಳ ಸಾಲಿನ ಕೊನೆಯಲ್ಲಿ ಕೆರೆಯಿಂದ ಎಳೆದ ನಲ್ಲಿಯೊಂದಿತ್ತು. ಆರ್ನಿ ಎರವಲು ಕೋಟಿನಲ್ಲೇ ಅದರ ಮುಂದೆ ಮಂಡಿಯೂರಿ ತಿರುಪಿದ. ನಲ್ಲಿ ಕೆಮ್ಮಿ, ಸೀನಿ, ಕಂದು ನೀರು ಬಿಟ್ಟಿತು.

"ಲೋ ಆರ್ನಿ!" ವರಾಂಡದಿಂದ ಲಿಂಡ್ಸೆ ಕೂಗಿದ. "ಅದು ಗಿಡಕ್ಕೆ ಬಿಡೋ ನೀರು ಕಣೋ! ಕಪ್ಪೆ ಇರ್ತವೆ. ಇಲ್ಲಿ ಬಾ, ಐಸಿದೆ!"

ಯಾರೋ ನಕ್ಕರು. ಆರ್ನಿ ತಿರುಗಲಿಲ್ಲ. ಬೊಗಸೆ ಒಡ್ಡಿ ಕುಡಿದ. ಮತ್ತೆ ಒಡ್ಡಿ, ಮತ್ತೆ ಕುಡಿದ. ಕೆಸರು ನೀರು ಮೊಣಕೈಯಿಂದ ಇಳಿದು ಕೋಟಿನ ತೋಳನ್ನು ತೋಯಿಸುತ್ತಿತ್ತು.