ಸೀಮಂತದ ಅನ್ನದಲ್ಲಿ ಉಗುರು

ಪಂಜದ ಸೀತಕ್ಕನ ಸೊಸೆ ಪ್ರೀತಿಕಾಳಿಗೆ ಏಳು ತಿಂಗಳು. ಮೊದಲ ಮಗು ಹೊಟ್ಟೆಯಲ್ಲೇ ತೀರಿಹೋಗಿತ್ತು. ಹಾಗಾಗಿ ಮನೆಯವರಿಗೆಲ್ಲ ಒಳಗೊಳಗೇ ಹೆದರಿಕೆ. ಸೀಮಂತದ ಮರುದಿನ ಸೀತಕ್ಕ ಬಂದು, "ನಿನ್ನ ಉಗುರು, ಸ್ವಲ್ಪ ಕೂದಲು ಕತ್ತರಿಸಿ ಕೊಡು" ಎಂದರು. ದೃಷ್ಟಿ ತೆಗೆಯಲಿಕ್ಕೆ ಇರಬೇಕು ಎಂದು ಪ್ರೀತಿಕಾ ಕೊಟ್ಟಳು.

ನೀರು ಕುಡಿಯಲು ಅಡುಗೆಮನೆಗೆ ಹೋದವಳು ನಿಂತಲ್ಲೇ ನಿಂತಳು. ಹೇಳಲಿಕ್ಕೂ ನಾಚಿಕೆಯಾಗುತ್ತದೆ. ಬಾಳೆಲೆಯಲ್ಲಿದ್ದ ಅನ್ನಕ್ಕೆ ಅತ್ತೆ ಆ ಕೂದಲು, ಉಗುರು ಕಲಸುತ್ತಿದ್ದರು.

"ಇದು ಯಾರಿಗೆ ಅತ್ತೆ?"

"ಬುಟ್ಟಿ ಹೆಣೆಯುವ ಕೊರಗರ ಅಂಗಾರುಗೆ. ಕೊರಗರು ಇದನ್ನು ತಿಂದ್ರೆ ನಿನ್ನ ಮೇಲಿನ ಕೆಡುಕೆಲ್ಲ ಅವರೊಟ್ಟಿಗೆ ಹೋಗ್ತದೆ. ಅಜಲು ಅಂತ ಹೇಳುದು. ಹಿಂದಿನಿಂದ ಬಂದದ್ದು."

ಪ್ರೀತಿಕಾ ಹಿತ್ತಿಲಿಗೆ ಓಡಿ, ನೆರೆಮನೆಯ ಏಲಿಕುಟ್ಟಿಯನ್ನು ಕರೆದಳು. ಏಲಿಕುಟ್ಟಿ ಪಂಚಾಯತ್ ಸದಸ್ಯೆ, ಮಾತು ನೇರ. ಅವರು ಒಳಗೆ ಬಂದು ಎಲೆ ನೋಡಿದರು.

"ದೈವಮೇ, ಇದು ಈಗಲೂ ಉಂಟಾ ಸೀತಕ್ಕ? ಕೊರಗರಿಂದ ಅಜಲು ಮಾಡಿಸ್ಲಿಕ್ಕೆ ಇಲ್ಲ ಅಂತ ನಮ್ಮ ರಾಜ್ಯದಲ್ಲಿ ಕಾನೂನೇ ಉಂಟು. ತಿನ್ನಬಾರದ್ದನ್ನು ತಿನ್ನಿಸಿದ್ರೆ ಬುಡಕಟ್ಟಿನವರ ಮೇಲಿನ ದೌರ್ಜನ್ಯದ ಕೇಸು ಬೇರೆ. ಜೈಲಿಗೆ ಹೋಗುದು."

"ಒತ್ತಾಯ ಎಂತ ಇಲ್ಲ ಮಾರಾಯ್ತಿ. ಅಂಗಾರುವಿನ ಅಮ್ಮ ನಮ್ಮ ಅಂಗಳದಲ್ಲೇ ಕೂತು ತಿಂದಿದ್ದಾಳೆ. ಒಂದು ಮಾತು ಆಡಿದವಳಲ್ಲ."

"ಒಪ್ಪಿ ತಿಂದ್ರೂ ತಿನ್ನಿಸಿದವರ ತಪ್ಪು ತಪ್ಪೇ."

ಅಷ್ಟರಲ್ಲಿ ಅಂಗಾರು ಹಿತ್ತಿಲ ಬಾಗಿಲಿಗೆ ಬಂದು ನಿಂತಿದ್ದರು. ಸೀಮಂತದ ಊಟ ಉಂಟು ಬಾ ಎಂದು ಸೀತಕ್ಕನೇ ಅವರನ್ನು ಕರೆಸಿದ್ದರು. ಅವರಿಗೆ ಎಲೆಯೂ ಕಂಡಿತು, ಸೀತಕ್ಕನ ಮಾತೂ ಕೇಳಿಸಿತು.

"ಅಮ್ಮ ಇಲ್ಲಿ ಮಾತಾಡ್ಲಿಲ್ಲ ಅಕ್ಕ. ಮನೆಗೆ ಬಂದು ವಾಂತಿ ಮಾಡ್ತಿದ್ರು. ಎಂತಕ್ಕೆ ಹೋಗುದು ಅಂತ ಕೇಳಿದ್ರೆ, ಹೋಗದಿದ್ರೆ ನಾಳೆ ಬುಟ್ಟಿ ಯಾರು ತೆಗೊಳ್ತಾರೆ ಅಂತ ಹೇಳ್ತಿದ್ರು. ಆಗ ಅವರ ಹೊಟ್ಟೆಯಲ್ಲೂ ಮಗು ಇತ್ತು."

ಸೀತಕ್ಕನ ಕೈ ಅನ್ನದಲ್ಲೇ ನಿಂತಿತು. "ನನಗೆ ಗೊತ್ತಿರ್ಲಿಲ್ಲ."

"ನೀವು ಕೇಳ್ಲಿಲ್ಲ."

ಸೀತಕ್ಕ ಎದ್ದು ಎಲೆಯನ್ನು ಗೊಬ್ಬರದ ಗುಂಡಿಗೆ ಹಾಕಿ ಬಂದರು. "ತಪ್ಪಾಯ್ತು ಅಂಗಾರು. ಒಳಗೆ ಬಾ, ನಮ್ಮೊಟ್ಟಿಗೆ ಊಟ ಮಾಡು."

"ಇವತ್ತು ನನಗೆ ಈ ಮನೆಯ ಅನ್ನ ಇಳಿಯುದಿಲ್ಲ" ಎಂದು ಅಂಗಾರು ಹೊರಟರು.

"ನನ್ನ ಮಗುವನ್ನು ಡಾಕ್ಟ್ರು ನೋಡ್ಕೊಳ್ತಾರೆ ಅತ್ತೆ," ಎಂದಳು ಪ್ರೀತಿಕಾ. ಸೀತಕ್ಕ ತಲೆಯಾಡಿಸಿದರು. ಆ ವಾರದ ಹೆಂಗಸರ ಸಂಘದ ಸಭೆಯಲ್ಲಿ ಅವರೇ ಎದ್ದು ನಡೆದದ್ದನ್ನು ಹೇಳಿ, ಇನ್ನು ಯಾರ ಮನೆಯಲ್ಲೂ ಇದು ಬೇಡ ಎಂದರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಅಜಲಿನ ಮಾತು ಬಂದರೆ ಅಲ್ಲೇ ತಡೆಯಿರಿ. ಕೇಳದಿದ್ದರೆ ಪೊಲೀಸರ 112 ಅಥವಾ ದೌರ್ಜನ್ಯ ತಡೆ ಸಹಾಯವಾಣಿ 14566ಕ್ಕೆ ಕರೆ ಮಾಡಿ. ಕೊರಗ ಬಂಧುಗಳೇ, ಯಾರೇ ಕರೆದರೂ ಇಲ್ಲ ಎನ್ನಿ. ಕಾನೂನು ನಿಮ್ಮ ಕಡೆಗಿದೆ, ವಕೀಲರ ನೆರವೂ ಉಚಿತ. ಒಬ್ಬ ತಾಯಿಯ ಮಗು ಉಳಿಯಲು ಇನ್ನೊಬ್ಬ ತಾಯಿ ಉಗುರು ನುಂಗಬೇಕಾಗಿಲ್ಲ.