ಬೀಗದೊಳಗಿನ ರಾಣಿಯರು

ಜೇನಕ್ಕ ಎಂದು ಎಲ್ಲರೂ ಕರೆಯುತ್ತಿದ್ದ ಆಕೆ ಮಾರುತ್ತಿದ್ದುದು ಜೇನುತುಪ್ಪವನ್ನಲ್ಲ, ರಾಣಿಜೇನನ್ನು. ಬೆಂಕಿಪೊಟ್ಟಣದಷ್ಟು ದೊಡ್ಡ ಮರದ ಗೂಡು, ಅದಕ್ಕೊಂದು ತಂತಿಬಲೆ, ಒಳಗೆ ಒಬ್ಬ ರಾಣಿ, ಅವಳ ಚಾಕರಿಗೆ ನಾಲ್ಕಾರು ಜೇನ್ನೊಣಗಳು, ದಾರಿಬುತ್ತಿಗೆ ಒಂದು ಚೂರು ಸಕ್ಕರೆ ಮುದ್ದೆ. ಬಡಗಿಯಾಗಿದ್ದ ಗಂಡ ಗೂಡು ಮಾಡಿಕೊಡುತ್ತಿದ್ದ. ಉಳಿದದ್ದೆಲ್ಲ ಅಂಚೆಯ ಕೆಲಸ. ದೂರದೂರುಗಳಲ್ಲಿ ಜೇನು ಸಾಕುವವರು ಮುದಿ ರಾಣಿಯನ್ನು ತೆಗೆದುಹಾಕಿ ಹೊಸಬಳ ದಾರಿ ಕಾಯುತ್ತಿದ್ದರು.

ಅವತ್ತು ಒಂದು ಚೀಲದ ತುಂಬ ರಾಣಿಯರನ್ನು ಅಂಚೆಗೆ ಹಾಕಿ ಬಂದು ಇನ್ನೂ ಕೈಕಾಲು ತೊಳೆದಿರಲಿಲ್ಲ, ಅಂಚೆಯವರು ಮುಷ್ಕರ ಹೂಡಿದ ಸುದ್ದಿ ಬಂತು. ಚೀಲ ವಿಂಗಡಣೆಯ ಶೆಡ್ಡಿನಲ್ಲಿ ಸಿಕ್ಕಿಬಿದ್ದಿತ್ತು. ಶೆಡ್ಡಿಗೆ ತಗಡಿನ ಚಾವಣಿ, ಮೇಲೆ ಕೆಂಡ ಸುರಿಯುವ ಬಿಸಿಲು. ಅಷ್ಟರಲ್ಲೇ ಒಬ್ಬ ಗಿರಾಕಿಯ ಫೋನು.

"ನಿಮ್ಮ ಮಾತು ನಂಬಿ ಹಳೇ ರಾಣೀನ ಕೊಂದುಬಿಟ್ಟಿದ್ದೀನಿ," ಎಂದ ಅವನು. "ಇವಳು ಯಾವಾಗ ಬರ್ತಾಳೆ?"

ಅವಳು ಏನೋ ತೊದಲಿ ಫೋನಿಟ್ಟಳು. ಅದೇ ಶೆಡ್ಡಿನಲ್ಲಿ ಅವಳ ಒಡಹುಟ್ಟಿದ ತಮ್ಮ ಕೆಲಸಕ್ಕಿದ್ದ. ದಿನಾ ರಾತ್ರಿ ಅವಳ ಮನೆಯಲ್ಲೇ ಊಟ. ಒಂದು ಸುಳಿವನ್ನಾದರೂ ಕೊಡಬಾರದಿತ್ತೇ ಎಂದು ಒಳಗೊಳಗೇ ಕುದಿಯುತ್ತ, ಸೆರಗಿನಲ್ಲಿ ಬೆವರೊರೆಸಿಕೊಳ್ಳುತ್ತ ಶೆಡ್ಡಿನತ್ತ ನಡೆದಳು.

ಗೇಟಿನ ಮುಂದೆ ಮುಷ್ಕರದವರು ಕೂತಿದ್ದರು. ಅಕ್ಕನನ್ನು ಕಂಡು ತಮ್ಮ ಎದ್ದು ಪಕ್ಕಕ್ಕೆ ಕರೆದೊಯ್ದ.

"ನಿನ್ನ ಚೀಲ ತೆಗೆದ್ರೆ ಎಲ್ಲರ ಚೀಲಾನೂ ತೆಗೀಬೇಕು ಅಕ್ಕಾ. ಆಮೇಲೆ ನಾನು ಇವರ ಮುಖ ಹೇಗೆ ನೋಡ್ಲಿ?"

ಅವನ ಮಾತಲ್ಲಿ ತಪ್ಪಿರಲಿಲ್ಲ. ಇಬ್ಬರ ಕೆಲಸ ಒಬ್ಬನ ಹೆಗಲಿಗೆ ಬಿದ್ದು, ಜೊತೆಗಾರನೊಬ್ಬ ಚೀಲಗಳ ಮೇಲೆಯೇ ತಲೆಸುತ್ತಿ ಬಿದ್ದದ್ದು ಅವಳಿಗೂ ಗೊತ್ತು. ಆದರೂ ಕಾಲು ಅಲ್ಲಿಂದ ಕದಲಲಿಲ್ಲ.

"ಕಳಿಸೋದು ಬೇಡ. ಒಂದೊಂದು ಹನಿ ನೀರು ಕೊಡ್ತೀನಿ, ಅಷ್ಟೇ. ಇಲ್ಲದಿದ್ರೆ ನಾಳೆಗೆ ಉಳಿಯಲ್ಲ."

ಮಾತು ಮುಷ್ಕರದ ಮುಂದಾಳು ಹೆಂಗಸಿನ ಕಿವಿಗೆ ಬಿತ್ತು. ಆಕೆ ಅಕ್ಕಪಕ್ಕದವರೊಂದಿಗೆ ಪಿಸುಗುಟ್ಟಿ, "ನಾವು ನಿಲ್ಲಿಸಿರೋದು ಕೆಲಸಾನ, ಯಾರ ಜೀವಾನೂ ಅಲ್ಲ. ಚೀಲ ವಾಪಸ್ ತಗೊಂಡು ಹೋಗ್ಲಿ," ಎಂದಳು.

ಈಗ ಆಗದೆಂದು ತಲೆಯಾಡಿಸಿದವನು ಗೇಟಿನೊಳಗೆ ಬೀಗದ ಕೈ ಹಿಡಿದು ನಿಂತಿದ್ದ ಅಧಿಕಾರಿ. ಅಂಚೆಗೆ ಬಿದ್ದದ್ದು ವಿಳಾಸದಾರರ ಸೊತ್ತು, ಕಳಿಸಿದವರ ಕೈಗೂ ಕೊಡುವಂತಿಲ್ಲ, ಕೊಟ್ಟರೆ ತನ್ನ ಅನ್ನಕ್ಕೆ ಕಲ್ಲು ಎಂದ.

"ಕೊಡಬೇಡಿ," ಎಂದಳು ಮುಂದಾಳು. "ಗೇಟಿನ ಕಂಬಿ ಹತ್ರ ತಂದಿಡಿ, ಸಾಕು."

ಅವನು ಅತ್ತ ಇತ್ತ ನೋಡಿದ, ಬೆವರೊರೆಸಿಕೊಂಡ. ಕೊನೆಗೆ, ವರ್ಷಗಟ್ಟಲೆ ಚೀಲ ಮುಟ್ಟದ ಮನುಷ್ಯ, ತಾನೇ ಅದನ್ನು ಎಳೆದು ತಂದ.

ಜೇನಕ್ಕ ಕಂಬಿಗಳ ನಡುವೆ ಕೈ ತೂರಿಸಿ, ಒದ್ದೆ ಬಟ್ಟೆಯಿಂದ ಒಂದೊಂದೇ ಬಲೆಯ ಮೇಲೆ ಹನಿ ಬಿಡತೊಡಗಿದಳು. ತಮ್ಮ ತನ್ನ ಕೈಲಿದ್ದ ಬೇಡಿಕೆಯ ಫಲಕದಿಂದಲೇ ಗಾಳಿ ಬೀಸಿದ. ಕೆಲವು ಗೂಡುಗಳಿಂದ ಸಣ್ಣ ಗುಂಯ್‌ಗುಡುವಿಕೆ ಬಂತು. ಕೆಲವಕ್ಕೆ ಎಷ್ಟು ಕಿವಿಗೊಟ್ಟರೂ ಸದ್ದಿಲ್ಲ. ಅವನ್ನು ಎಣಿಸುವ ಧೈರ್ಯ ಅವಳಿಗೆ ಬರಲಿಲ್ಲ. ಆಮೇಲೆ ಗೂಡುಗಳನ್ನೆಲ್ಲ ಅಧಿಕಾರಿ ತನ್ನ ಕೋಣೆಯ ಫ್ಯಾನಿನ ಕೆಳಗೆ ಇರಿಸಿದ.

ಮುಷ್ಕರ ಮುಗಿಯುವವರೆಗೂ ಅವಳು ದಿನಾ ಬಂದು ನೀರು ಕೊಟ್ಟಳು. ರಾತ್ರಿ ಕಣ್ಣು ಮುಚ್ಚಿದರೆ ತಗಡು ಕಾದ ವಾಸನೆ. ಅಂತೂ ಕೆಲಸಕ್ಕೆ ಹೊಸ ಆಳುಗಳನ್ನು ಕೊಡಲು ಮೇಲಿನವರು ಒಪ್ಪಿದರು, ಚೀಲಗಳು ಹೊರಟವು. ಹೆಚ್ಚಿನ ರಾಣಿಯರು ಜೀವಂತ ತಲುಪಿದರು. ಫೋನು ಮಾಡಿದ್ದವನ ಪಾಲಿಗೆ ಬಂದವಳು ಸತ್ತಿದ್ದಳು. ರಾಣಿಯಿಲ್ಲದೆ ಅವನ ಜೇನುಪೆಟ್ಟಿಗೆಯೂ ಬರಿದಾಗಿತ್ತು. ಅವನು ಬೈಯಲಿಲ್ಲ. ಇನ್ನು ಹತ್ತಿರದಲ್ಲೇ ಎಲ್ಲಾದರೂ ಕೊಳ್ಳುತ್ತೇನೆ ಎಂದಷ್ಟೇ ಹೇಳಿದ. ಬೈದಿದ್ದರೇ ಚೆನ್ನಾಗಿತ್ತು.

ಅವತ್ತು ಸಂಜೆ ತಮ್ಮ ಬಂದು, ಒಳಗೆ ಬಾರದೆ ಹೊಸ್ತಿಲಲ್ಲೇ ನಿಂತ.

"ಕೋಪಾನಾ?"

"ಕೋಪ ಅಲ್ಲ, ಹೆದರಿಕೆ. ಮುಂದಿನ ಸಲ ಒಂದು ಮಾತು ಮೊದಲೇ ಹೇಳು."

"ಹೇಳ್ತೀನಿ ಅಂತ ಹೇಗೆ ಹೇಳ್ಲಿ? ಮುಷ್ಕರ ಅಂತ ನಮಗೇ ಅವತ್ತು ಬೆಳಿಗ್ಗೆ ಗೊತ್ತಾಗಿದ್ದು."

ಅವಳು ಒಳಗೆ ಹೋಗಿ ಅವನಿಗೂ ತಟ್ಟೆ ಹಾಕಿದಳು.