ಕುರಿಮರಿಗಳಿಗೆ ಬಾಯಿಹುಣ್ಣು ಬಂದ ವಸಂತ

ನಮ್ಮ ತಾಮಿರ್ ಹೊಳೆಯ ಕಣಿವೆಯಲ್ಲಿ ಕುರಿಗಳ ಕಾಯಿಲೆಗೂ ಒಂದೊಂದು ಕಾಲವಿದೆ. ಬೇಸಗೆಯ ಮಳೆಗೆ ನೆಲ ಕೆಸರೆದ್ದರೆ ಗೊರಸು ಕೊಳೆಯುತ್ತದೆ. ಹುಲ್ಲು ಬಲಿತ ಮೇಲೆ ಮಂದೆಯಲ್ಲೇ ದುಂಡಗಿರುವ ಮರಿ ಹೊಟ್ಟೆ ಉಬ್ಬಿಸಿಕೊಂಡು ಬೀಳುತ್ತದೆ. ವಸಂತದ ದೂಳುಗಾಳಿಗೆ ಎಳೆಮರಿಗಳ ಬಾಯಿ ಒಡೆಯುತ್ತದೆ. ಯಂಜಿಮಾ ಇದನ್ನೆಲ್ಲ ಹುಟ್ಟಿದಾಗಿನಿಂದ ಕಂಡವಳು. ಆದರೆ ಆ ವಸಂತದಲ್ಲಿ ಅವಳ ಮನಸ್ಸು ಕೊಟ್ಟಿಗೆಯಲ್ಲಿರಲಿಲ್ಲ. ಸೊಸೆ ಖುಲಾನ್ ಹೆರಿಗೆಗೆಂದು ತಾಲೂಕಿನ ಆಸ್ಪತ್ರೆ ಸೇರಿದ್ದಳು. ಗಂಡ ತೀರಿಹೋಗಿ ಒಬ್ಬನೇ ಮಗ ಪುರೆವ್‌ನನ್ನು ಸಾಕಿದ ಯಂಜಿಮಾಳಿಗೆ ಅದು ಮೊದಲ ಮೊಮ್ಮಗು. ಮಗುವಿನ ಮೊದಲ ಸ್ನಾನಕ್ಕೆ ಮಾಂಸದ ಸಾರು ಕಾಯಿಸಲು ಒಳ್ಳೆಯ ಕುರಿಯ ಎಲುಬುಗಳನ್ನು ತೆಗೆದಿಟ್ಟಿದ್ದಳು. ಆ ಸಾರಿನಲ್ಲಿ ಮಗುವನ್ನು ಮೀಯಿಸುವುದು ಅಜ್ಜಿಯ ಕೈಯ ಕೆಲಸ. ಅದನ್ನು ನೆನೆದು ಒಬ್ಬಳೇ ನಗುತ್ತಿದ್ದಳು.

ಆ ಸಲ ಗಾಳಿ ಬೇಗ ಎದ್ದಿತು. ತಾಯಿಕುರಿಗಳು ಚಳಿಗಾಲ ಕಳೆದು ಎಲುಬು ಬಿಟ್ಟುಕೊಂಡಿದ್ದವು. ಮರಿಗಳು ಇಕ್ಕಟ್ಟಾದ ಕೊಟ್ಟಿಗೆಯಲ್ಲಿ ಒಂದರ ಮೈಗೊಂದು ಒತ್ತಿಕೊಂಡು, ಒಣಗಿ ಮುಳ್ಳಾದ ಕಡ್ಡಿಗಳನ್ನು ಮೂಸಿ ತುಟಿ ಗೀರಿಕೊಂಡವು. ಮೊದಲು ಒಂದು ಮರಿಯ ತುಟಿಯಂಚಿನಲ್ಲಿ ಹಕ್ಕಳೆ ಕಾಣಿಸಿತು. ನಾಲ್ಕಾರು ದಿನಗಳಲ್ಲಿ ಅರ್ಧ ಕೊಟ್ಟಿಗೆಗೆ ಹಬ್ಬಿತು. ಅವು ಚೀಪಿದ ತಾಯಂದಿರ ಕೆಚ್ಚಲಿಗೂ ಹುಣ್ಣು ಬಂತು. ಮೊಲೆ ನೋಯುವ ಕುರಿ ಮರಿಯನ್ನು ಒದೆಯುತ್ತದೆ; ಒದೆಸಿಕೊಂಡ ಮರಿ ಹಸಿವಿನಿಂದ ಸಾಯುತ್ತದೆ. ಯಂಜಿಮಾ ಬೆಳಗಿನಿಂದ ಬರಿಗೈಯಲ್ಲೇ ಮರಿಗಳ ಬಾಯಿ ತೊಳೆದು, ಔಷಧಿ ಹಚ್ಚಿ, ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು.

ಮಂದೆ ನೋಡಲು ಬಂದ ದನದ ಡಾಕ್ಟರು, ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮರಿಗಳಿಗಿಂತ ಮೊದಲು ಅವಳ ಕೈ ನೋಡಿದಳು.

"ದೊಡ್ಡಮ್ಮ, ಬೆರಳಿಗೇನಾಯ್ತು?"

"ಮುಳ್ಳು ಚುಚ್ಚಿತ್ತು ಕಣೇ. ಊದಿದೆ, ಅಷ್ಟೇ."

"ಮುಳ್ಳು ಚುಚ್ಚಿದ ಜಾಗದಿಂದ ಮರಿಗಳ ಹುಣ್ಣೇ ನಿಮಗೂ ಹತ್ತಿದೆ. ಇನ್ನೊಂದು ಕೈಯಲ್ಲೂ ಹುಣ್ಣು ಏಳ್ತಾ ಇದೆ ನೋಡಿ. ಹೆದರಬೇಡಿ, ತಾನಾಗೇ ಮಾಗುತ್ತೆ. ಕೈಗವಸು ಹಾಕ್ಕೊಳ್ಳಿ." ಆಮೇಲೆ ಅವಳ ಕಣ್ಣು ಗುಡಾರದೊಳಗಿನ ಹೊಸ ತೊಟ್ಟಿಲ ಮೇಲೆ ಬಿತ್ತು. ದನಿ ತಗ್ಗಿಸಿದಳು. "ಹಕ್ಕಳೆ ಉದುರೋ ತನಕ ಕೂಸನ್ನ ಮುಟ್ಟಬೇಡಿ. ಎಳೇ ಚರ್ಮ."

"ಉದುರೋದು ಯಾವಾಗ?"

"ಗಾಳಿ ನಿಂತು ಹುಲ್ಲು ಚಿಗುರೋ ಹೊತ್ತಿಗೆ ಉದುರುತ್ತೆ, ದೊಡ್ಡಮ್ಮ."

ಡಾಕ್ಟರ ಮೋಟಾರ್ ಸೈಕಲ್ ಗುಡ್ಡ ದಾಟಿದ ಮೇಲೂ ಯಂಜಿಮಾ ತನ್ನ ಎರಡು ಕೈಗಳನ್ನು ನೋಡುತ್ತ ನಿಂತಿದ್ದಳು. ಆಮೇಲೆ ಮಗನನ್ನು ಕರೆದಳು. "ಕೊಟ್ಟಿಗೆ ಪಕ್ಕ ಆ ಸಣ್ಣ ಗುಡಾರ ಹೊಡಿ. ನಾನು ಅಲ್ಲಿರ್ತೀನಿ. ನಿಮ್ಮತ್ತೆಗೆ ಫೋನ್ ಮಾಡು."

"ಯಾರಿಗೆ?" ಪುರೆವ್ ತನ್ನ ಕಿವಿಯನ್ನೇ ನಂಬಲಿಲ್ಲ.

"ದೊಲ್ಗೊರ್‌ಗೆ ಕಣೋ. ಬಾಣಂತಿ ನೋಡ್ಕೊಳ್ಳೋಕೆ ಬಾ ಅಂತ ನಾನೇ ಕರೆದೆ ಅನ್ನು."

ಖುಲಾನ್‌ಳ ತಾಯಿ ದೊಲ್ಗೊರ್ ಮದುವೆಯಲ್ಲಿ ಯಂಜಿಮಾ ಕಾಯಿಸಿದ ಉಪ್ಪುಚಹಾ ಕುಡಿದು, "ಉಪ್ಪು ಮರೆತಿದ್ದೀರೋ, ಹಾಲು ಮರೆತಿದ್ದೀರೋ?" ಎಂದು ನೂರು ಜನರ ಮುಂದೆ ಕೇಳಿದ್ದಳು. ಅಂದಿನಿಂದ ಬೀಗಿತ್ತಿಯರಿಬ್ಬರ ನಡುವೆ ಹಬ್ಬದ ನಮಸ್ಕಾರ ಬಿಟ್ಟರೆ ಮಾತಿರಲಿಲ್ಲ. ಆದರೂ ಅವಳು ಮರುದಿನವೇ ಬಂದಿಳಿದಳು, ಒಂದು ಚೀಲದ ತುಂಬ ಒಣಗಿಸಿದ ಗಿಣ್ಣು ಹೊತ್ತು.

"ಕರೆದಿರಲ್ಲ ಬೀಗಿತ್ತಿ, ಅದೇ ದೊಡ್ಡದು," ಎಂದಳು.

"ಕೈ ಹೋಯ್ತು, ಅದಕ್ಕೆ ಕರೆದೆ. ಬಾಯಿ ಇನ್ನೂ ಚೆನ್ನಾಗೇ ಇದೆ."

"ಅದು ಗೊತ್ತು. ಅದಕ್ಕೆ ಯಾವ ಹುಣ್ಣೂ ಹತ್ತಲ್ಲ."

ಮಗು ಮನೆಗೆ ಬಂದ ದಿನ ಗಾಳಿ ಜೋರಾಗಿತ್ತು. ಜೀಪಿನಿಂದಿಳಿದ ಖುಲಾನ್ ಅತ್ತೆಯತ್ತ ಬಂದಾಗ ಯಂಜಿಮಾ ಕೈಗಳನ್ನು ಉದ್ದ ತೋಳಿನೊಳಕ್ಕೆ ಎಳೆದುಕೊಂಡು ಹಿಂದೆ ಸರಿದಳು. ಖುಲಾನ್ ಅಲ್ಲೇ ನಿಂತು ಹೊದಿಕೆಯ ಅಂಚು ಸರಿಸಿದಳು. ಕೆಂಪಗೆ, ಮುಷ್ಟಿಯಷ್ಟು ಮುಖ. ಹಣೆಯ ಮೇಲೆ ಅಜ್ಜನದೇ ಸುಳಿ.

"ಗಂಡು, ಅತ್ತೆ."

"ಮುಚ್ಚೇ, ಮುಚ್ಚು! ದೂಳು!" ಎಂದಳು ಯಂಜಿಮಾ. ಕಣ್ಣೊರೆಸಿಕೊಳ್ಳಲು ಕೈಯೆತ್ತಿದವಳು ನಡುವೆಯೇ ತಡೆದು, ಭುಜಕ್ಕೆ ಮುಖ ಉಜ್ಜಿಕೊಂಡಳು.

ಸ್ನಾನದ ದಿನ ಸಾರು ಕಾಯಿಸಿದ್ದು, ಮೀಯಿಸಿದ್ದು ಎಲ್ಲ ದೊಲ್ಗೊರ್. ಯಂಜಿಮಾ ಹೊರಗೆ ನಿಂತು ಬಾಗಿಲ ಕಡೆ ಕೂಗುತ್ತಿದ್ದಳು.

"ಮೊಣಕೈ ಅದ್ದಿ ನೋಡಿ, ಬಿಸಿ ಎಷ್ಟಿದೆ!"

"ನಾನು ಐದು ಹೆತ್ತಿದ್ದೀನಿ ಬೀಗಿತ್ತಿ, ಐದನ್ನೂ ಬೇಯಿಸಿಲ್ಲ!"

ಒಳಗೆ ಎಲ್ಲರೂ ನಕ್ಕರು. ಹೊರಗೆ ಯಂಜಿಮಾಳೂ ನಕ್ಕಳು. ಸಾರಿನ ಹಬೆ ಗುಡಾರದ ನೆತ್ತಿಯಿಂದ ಮೇಲೆ ಹೋಗುವುದನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತಿದ್ದು, ಮರಿಗಳ ಕಡೆಗೆ ನಡೆದಳು.

ಹುಣ್ಣಿನ ಮೊಲೆಯ ಒಂದು ಕರಿಮುಖದ ಕುರಿ ತನ್ನ ಮರಿಯನ್ನು ಹತ್ತಿರಕ್ಕೇ ಬಿಟ್ಟುಕೊಳ್ಳುತ್ತಿರಲಿಲ್ಲ. ಯಂಜಿಮಾ ಕೈಗವಸು ಹಾಕಿಕೊಂಡು ಅದರ ಕೆಚ್ಚಲಿಗೆ ಬೆಣ್ಣೆಯಂಥ ಮುಲಾಮು ಹಚ್ಚಿ, ಪಕ್ಕದಲ್ಲಿ ಮಂಡಿಯೂರಿ ಹಾಡತೊಡಗಿದಳು. "ತೋಯ್ಗ್... ತೋಯ್ಗ್... ತೋಯ್ಗ್..." ಮರಿಯನ್ನು ಒಲ್ಲೆನ್ನುವ ಕುರಿಯ ಮನಸ್ಸು ಕರಗಿಸಲು ನಮ್ಮ ಹೆಂಗಸರು ಹಾಡುವುದು ಅದನ್ನೇ. ಅದಕ್ಕೆ ಬೇರೆ ಮಾತಿಲ್ಲ. ಕುರಿ ಒಮ್ಮೆ ಒದೆಯಿತು, ಇನ್ನೊಮ್ಮೆ ಒದೆಯಿತು. ಹೊತ್ತು ಇಳಿಯುವಾಗ ತಲೆ ಬಗ್ಗಿಸಿ ಮರಿಯ ಬಾಲ ಮೂಸಿತು.

ಅವಳು ಹಾಡು ನಿಲ್ಲಿಸಿ ಏಳುವಷ್ಟರಲ್ಲಿ ದೊಲ್ಗೊರ್ ಓಡಿಬಂದಳು.

"ನಿಲ್ಲಿಸಬೇಡ ಮಾರಾಯ್ತಿ! ನೀನು ಹಾಡೋವಾಗ ಕೂಸು ಸುಮ್ಮನಿತ್ತು. ನಿಲ್ಲಿಸಿದ ಕೂಡಲೇ ಬಾಯಿ ತೆಗೆದ."

ಬೀಗಿತ್ತಿ ತನ್ನನ್ನು 'ನೀನು' ಎಂದದ್ದು ಯಂಜಿಮಾಳಿಗೆ ಕೇಳಿಸಿತು. ಅವಳು ಮತ್ತೆ ಮಂಡಿಯೂರಿದಳು. ದಿನಾ ಸಂಜೆ ಹಾಗೇ ನಡೆಯಿತು. ಗಂಟಲು ಕಟ್ಟಿದ ದಿನ ದೊಲ್ಗೊರ್ ಬಿಸಿ ಚಹಾ ತಂದು ಕಲ್ಲಿನ ಮೇಲಿಟ್ಟು ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ದೊಲ್ಗೊರ್ ನೀರಿಗೆ ಹೋಗಿದ್ದಳು, ಖುಲಾನ್ ಬಟ್ಟೆ ಹರವುತ್ತ ಗುಡಾರದ ಹಿಂದಿದ್ದಳು. ಒಳಗೆ ಮಗು ಒಂದೇ ಸಮನೆ ಅಳತೊಡಗಿತು. ಗಾಳಿಗೆ ಖುಲಾನ್‌ಗೆ ಕೇಳಿಸಲಿಲ್ಲ. ಯಂಜಿಮಾ ಬಾಗಿಲವರೆಗೆ ಓಡಿಬಂದವಳು ಹೊಸಿಲಿನೀಚೆ ನಿಂತುಬಿಟ್ಟಳು. "ಬಂದ್ಲು ಅಮ್ಮ, ಬಂದ್ಲು ಕಂದಾ," ಎಂದು ಸಮಾಧಾನ ಹೇಳಿದಳು. ಮಗು ಇನ್ನಷ್ಟು ಕಿರುಚಿತು. ಕೈಗಳು ತಾವಾಗಿಯೇ ಮುಂದೆ ಚಾಚಿದವು. ಅವುಗಳನ್ನು ಹಿಂದಕ್ಕೆಳೆದು ನಡುಪಟ್ಟಿಯೊಳಗೆ ತುರುಕಿಕೊಂಡು, ತನಗಿದ್ದ ದನಿಯನ್ನೆಲ್ಲ ಸೇರಿಸಿ "ಖುಲಾನ್!" ಎಂದು ಕೂಗಿದಳು.

ಖುಲಾನ್ ಓಡಿಬಂದು ಮಗುವನ್ನೆತ್ತಿಕೊಂಡಳು. ಅದು ಸುಮ್ಮನಾದ ಮೇಲೆ ಅತ್ತೆಯತ್ತ ನೋಡಿದಳು. ಯಂಜಿಮಾಳ ಮುಖದ ತುಂಬ ನೀರು.

"ಕೈ ಕೊಟ್ಟ ದೇವರು ಈಗಲೇ ಕಿತ್ಕೋಬೇಕಿತ್ತಾ?" ಎಂದಳು ಅವಳು, ನಗಲು ನೋಡುತ್ತ.

"ಅತ್ತೆ, ಈಚೆ ಬನ್ನಿ, ಮುಖ ತೊಳೆಯೋಣ. ಸೋಪು ಹಾಕಿ ನಾನೇ ತೊಳೀತೀನಿ, ಕೈ ತಾಗಿಸಬೇಡಿ."

"ಯಾಕೆ?"

"ಹುಣ್ಣಿರೋದು ಕೈಗೆ ತಾನೇ? ಕೆನ್ನೆಗೆ ಇಲ್ಲವಲ್ಲ."

ಖುಲಾನ್ ಮಗುವನ್ನು ತೊಟ್ಟಿಲಲ್ಲಿಟ್ಟು, ತಾನೇ ಅತ್ತೆಯ ಮುಖ ತೊಳೆದು, ಒರೆಸಿ, ಬಿಸಿಲಿನ ಕಡೆ ಕೂರಿಸಿದಳು. ಯಂಜಿಮಾ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ತಲೆ ಬಗ್ಗಿಸಿದಳು. ಖುಲಾನ್ ಮಗುವನ್ನು ಎತ್ತಿ ತಂದು, ಅದರ ಒಂದು ಪಾದ ಹೊದಿಕೆಯಿಂದ ಹೊರತೆಗೆದು ಅವಳ ಕೆನ್ನೆಗಿಟ್ಟಳು. ಬೆಚ್ಚಗಿನ, ಹಾಲಿನ ಕಂಪಿನ ಪಾದ. ಅದು ಕೆನ್ನೆಯ ಮೇಲೆ ಬೆರಳು ಬಿಚ್ಚಿತು, ಮುದುರಿತು. ಯಂಜಿಮಾ ಉಸಿರಾಡಲೂ ಹೆದರಿದಳು. ನೀರು ಹೊತ್ತು ಬಂದ ದೊಲ್ಗೊರ್ ಇದನ್ನು ಕಂಡು, ಕೊಡ ಇಳಿಸದೆ, ಬಂದ ದಾರಿಯಲ್ಲೇ ತಿರುಗಿ ಹೋಗಿ ದೂರದಲ್ಲಿ ಕುಳಿತಳು.

ದಿನಗಳು ಕಳೆದವು. ಗಾಳಿ ಇಳಿಯಿತು, ಒಂದು ಹದವಾದ ಮಳೆಯಾಯಿತು, ತೆಂಕಣ ಇಳಿಜಾರಿನಲ್ಲಿ ಹಸಿರು ಕಂಡಿತು. ಮರಿಗಳು ಮೆತ್ತಗಿನ ಹುಲ್ಲಿಗೆ ಬಾಯಿ ಹಾಕಿದವು, ಹಕ್ಕಳೆಗಳು ಉದುರಿದವು. ಕೆಲವು ಮರಿಗಳು ಉಳಿಯಲಿಲ್ಲ. ಪುರೆವ್ ಕೊಟ್ಟಿಗೆಯ ನೆಲ ಕೆರೆದು ಸುಟ್ಟ. ಉದುರಿದ ಹಕ್ಕಳೆಯಲ್ಲೇ ಕಾಯಿಲೆ ಮುಂದಿನ ವರ್ಷಕ್ಕೆ ಕಾದು ಕೂರುತ್ತದೆಂದು ಡಾಕ್ಟರು ಹೇಳಿದ್ದಳು. ಯಂಜಿಮಾಳ ಬೆರಳುಗಳಲ್ಲೂ ಹೊಸ ಗುಲಾಬಿ ಚರ್ಮ ಬಂತು.

ಡಾಕ್ಟರು ಒಪ್ಪಿಗೆ ಕೊಟ್ಟ ದಿನ ಅವಳು ಮಗುವನ್ನೆತ್ತಿಕೊಂಡಳು. ಮಗು ಅವಳನ್ನು ನೋಡಿತು, ತುಟಿ ಉಬ್ಬಿಸಿತು, ಊರು ಕಿತ್ತುಹೋಗುವಂತೆ ಅತ್ತಿತು.

"ಹೊಸ ಮುಖ ಅಲ್ವಾ," ಎಂದು ದೊಲ್ಗೊರ್ ಮುಜುಗರದಿಂದ ಕೈ ಚಾಚಿದಳು. "ನಾಳೆ ನಾನು ಹೊರಡ್ತೀನಿ. ಆಮೇಲೆ ಒಗ್ಗಿಕೊಳ್ತಾನೆ."

"ಎಲ್ಲಿಗೆ ಹೊರಡ್ತೀಯೇ? ಅವನಿಗೆ ನಿನ್ನ ಮೈವಾಸನೆಯೇ ಅಭ್ಯಾಸ ಆಗಿದೆ. ಗುಡಾರ ಕಿತ್ತು ಬೇಸಗೆ ಬೀಡಿಗೆ ಹೋಗೋವರೆಗೂ ಇರು. ನನ್ನ ಚಹಾ ಕುಡಿಯೋದು ಕಷ್ಟ ಆದ್ರೆ ನೀನೇ ಮಾಡು."

"ಮತ್ತೆ? ಇಷ್ಟು ದಿನ ಮಾಡಿದ್ದು ಯಾರು?" ಎಂದಳು ದೊಲ್ಗೊರ್. ಆದರೆ ಉಳಿದಳು.

ಬೀಡು ಬದಲಿಸಿದ ದಿನ ಗುಡಾರ, ಪೆಟ್ಟಿಗೆ, ಒಲೆ ಎಲ್ಲ ಲಾರಿಗೇರಿದವು. ಹೆಂಗಸರು ಕಂಬಳಿ ಸುರುಳಿಗಳ ನಡುವೆ ಕುಳಿತರು. ಹೊಳೆ ದಾಟುವಾಗ ಲಾರಿ ತೊನೆದಾಡಿತು. ಖುಲಾನ್ ಹಗ್ಗ ಹಿಡಿಯಲೆಂದು ಮಗುವನ್ನು ಕೈಗೆ ಸಿಕ್ಕವರಿಗೆ ಕೊಟ್ಟಳು. ಸಿಕ್ಕವಳು ಯಂಜಿಮಾ. ಮಗು ಮುಖ ನೋಡಿತು, ಅಳಲು ಯೋಚಿಸಿತು, ಅಷ್ಟರಲ್ಲಿ ಆಕಳಿಸಿ ಅವಳ ತೋಳಿನ ಮೇಲೆ ನಿದ್ದೆ ಹೋಯಿತು.

ಆಚೆ ದಡ ಬಂತು. ಬೇಸಗೆ ಬೀಡಿನ ಗುಡ್ಡ ಕಂಡಿತು.

"ತೋಳು ಜೋಮು ಹಿಡಿದಿರುತ್ತೆ, ಇಲ್ಲಿ ಕೊಡು," ಎಂದಳು ದೊಲ್ಗೊರ್.

"ಹಿಡಿಯಲಿ ಬಿಡೇ," ಎಂದಳು ಯಂಜಿಮಾ, ಪಿಸುದನಿಯಲ್ಲಿ.